‘ರಿಲಕ್ಟೆಂಟ್’: ಒಂದೇ ಒಂದು ಇಂಗ್ಲಿಷ್ ಪದವನ್ನು ಪೂರ್ತಿಯಾಗಿ ಕಲಿಯುವ ಬಗೆ

2016ರ ಮಾತು. ನಾನು ಬೆಂಗಳೂರಿನ ವಿಜಯನಗರದಲ್ಲಿದ್ದೆ, ಆಫೀಸು ಎಂ.ಜಿ. ರಸ್ತೆಯ ಹತ್ತಿರ. ಒಂದು ಮಧ್ಯಾಹ್ನ ಮ್ಯಾನೇಜರ್ ಮೇಲ್ ಕಳಿಸಿದರು. ವೈಟ್‌ಫೀಲ್ಡ್‌ನಲ್ಲಿ ಹೊಸ ಪ್ರಾಜೆಕ್ಟ್ ಶುರುವಾಗುತ್ತಿದೆ, ಅಲ್ಲಿಗೆ ಹೋಗುತ್ತೀರಾ ಎಂದು ಕೇಳಿದ್ದರು. ಆಗ ಮೆಟ್ರೊ ಬೈಯಪ್ಪನಹಳ್ಳಿಗೇ ಮುಗಿಯುತ್ತಿತ್ತು. ಅಲ್ಲಿಂದ ಮುಂದೆ ಬಸ್ಸು, ಟ್ರಾಫಿಕ್ಕು. ಇಲ್ಲವಾದರೆ ಮೆಜೆಸ್ಟಿಕ್‌ಗೆ ಹೋಗಿ 335ಇ ಬಸ್ಸು ಹತ್ತಿ ಕೂರಬೇಕು. ಹೋಗೋಕೆ ಎರಡು ಗಂಟೆ, ಬರೋಕೆ ಎರಡು ಗಂಟೆ. ಮನಸ್ಸಿರಲಿಲ್ಲ. ಆದರೆ ಕೆಲಸ ಒಳ್ಳೆಯದು. ವಾರಕ್ಕೆರಡು ದಿನ ಮನೆಯಿಂದ ಕೆಲಸ ಮಾಡೋಕೆ ಬಿಟ್ಟರೆ ಹೋಗೋಣ ಅಂತ ಒಳಗೊಳಗೇ ಇತ್ತು.

ನಾನು ಬರೆದ ಉತ್ತರ ಒಂದೇ ಸಾಲು: ‘ಐ ಆಮ್ ನಾಟ್ ವಿಲ್ಲಿಂಗ್ ಟು ಮೂವ್ ಟು ವೈಟ್‌ಫೀಲ್ಡ್.’

ಎರಡು ದಿನದಲ್ಲಿ ಆ ಜಾಗಕ್ಕೆ ಬೇರೆಯವರ ಹೆಸರು ಬಂತು. ಹೋಗಿ ಕೇಳಿದೆ. ‘ನೀವೇ ಬರಲ್ಲ ಅಂತ ಬರೆದಿದ್ದಿರಲ್ಲ’ ಅಂದರು. ಅವರು ಅಂದದ್ದು ಸರಿ. ನಾನು ಹೇಳಬೇಕಿದ್ದದ್ದು ‘ಮನಸ್ಸು ಒಪ್ಪುತ್ತಿಲ್ಲ’ ಅಂತ. ಬರೆದದ್ದು ‘ನಾನು ಒಪ್ಪಲ್ಲ’ ಅಂತ. ಕನ್ನಡದಲ್ಲಿ ಈ ಎರಡರ ನಡುವೆ ಎಷ್ಟು ದೂರ ಇದೆ ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ಇಂಗ್ಲಿಷಿನಲ್ಲಿ ಆ ದೂರ ತೋರಿಸುವ ಪದ ಆ ಹೊತ್ತಿಗೆ ನನ್ನ ಕೈಗೆ ಸಿಗಲಿಲ್ಲ.

ಆ ಪದ ‘ರಿಲಕ್ಟೆಂಟ್’. ಬೇಸರದ ಸಂಗತಿ ಏನೆಂದರೆ, ಅದು ನನಗೆ ಗೊತ್ತಿತ್ತು. ಪಿಯುಸಿಯಲ್ಲಿ ಪಟ್ಟಿ ಹಿಡಿದು ಬಾಯಿಪಾಠ ಮಾಡಿದ್ದೆ: ರಿಲಕ್ಟೆಂಟ್ ಅಂದರೆ ಇಷ್ಟವಿಲ್ಲದ. ಪರೀಕ್ಷೆಯಲ್ಲಿ ಕೇಳಿದ್ದರೆ ಬರೆಯುತ್ತಿದ್ದೆ. ಬೇಕಾದಾಗ ಬಾಯಿಗೆ ಬರಲಿಲ್ಲ, ಅಷ್ಟೇ. ಅರ್ಥ ಗೊತ್ತಿರುವುದು ಬೇರೆ, ಪದ ಬರುವುದು ಬೇರೆ ಅಂತ ಆವತ್ತು ಗೊತ್ತಾಯಿತು. ಆಮೇಲೆ ನಾನು ಪದ ಕಲಿಯುವ ರೀತಿಯನ್ನೇ ಬದಲಾಯಿಸಿಕೊಂಡೆ. ಈ ಒಂದು ಪದವನ್ನು ಹಿಡಿದುಕೊಂಡು ಆ ದಾರಿಯನ್ನು ಇಲ್ಲಿ ತೋರಿಸುತ್ತೇನೆ. ಬೇರೆ ಪದಕ್ಕೂ ಇದೇ ದಾರಿ ನಡೆಯುತ್ತದೆ.

ಮೊದಲು: ಪದವನ್ನು ಪಟ್ಟಿಯಿಂದ ಆರಿಸಬೇಡಿ

‘ದಿನಕ್ಕೆ ಹತ್ತು ಪದ’ ಅಂತ ಮೊಬೈಲ್‌ನಲ್ಲಿ ಬರುತ್ತಲ್ವಾ, ಅದನ್ನು ಸದ್ಯಕ್ಕೆ ಬದಿಗಿಡಿ. ಹತ್ತು ದಿನಕ್ಕೆ ನೂರು ಪದ ಆಗುತ್ತದೆ, ಹನ್ನೊಂದನೇ ದಿನ ನಾಲ್ಕು ಉಳಿದಿರುತ್ತವೆ. ನಿಮಗೆ ಎದುರಾದ ಪದವನ್ನೇ ಆರಿಸಿ. ಆಫೀಸ್ ಮೇಲ್‌ನಲ್ಲಿ ಬಂದದ್ದು, ಪೇಪರ್‌ನಲ್ಲಿ ಓದಿದ್ದು, ಮಗಳ ಪಠ್ಯಪುಸ್ತಕದಲ್ಲಿ ಕಂಡದ್ದು. ನನ್ನದೊಂದು ಲೆಕ್ಕ ಇದೆ. ಒಂದು ಪದ ಮೂರು ಸಲ ಎದುರಿಗೆ ಬಂದರೆ ಅದು ನನಗೆ ಬೇಕಾದ ಪದ. ವಾರಕ್ಕೆ ಒಂದು ಸಾಕು. ಎರಡು ಜಾಸ್ತಿ.

ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ಪದವನ್ನು ಮಾತ್ರ ಬರೆಯಬೇಡಿ, ಅದು ಇದ್ದ ಇಡೀ ವಾಕ್ಯವನ್ನು ಬರೆದುಕೊಳ್ಳಿ. ಇದೊಂದನ್ನು ಬಿಟ್ಟರೆ ಮುಂದಿನ ಯಾವ ಹೆಜ್ಜೆಯೂ ಸರಿಯಾಗಿ ಕೂರುವುದಿಲ್ಲ.

ನಿಘಂಟು ತೆರೆಯುವ ಮುಂಚೆ ಊಹೆ ಮಾಡಿ

ನೋಟ್‌ಬುಕ್ಕಿನಲ್ಲಿ ಇಂಥ ಒಂದು ವಾಕ್ಯ ಇದೆ ಅಂದುಕೊಳ್ಳಿ: ‘ದಿ ಹೌಸ್ ಓನರ್ ವಾಸ್ ರಿಲಕ್ಟೆಂಟ್ ಟು ರಿಟರ್ನ್ ದಿ ಅಡ್ವಾನ್ಸ್.’ ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದವರಿಗೆ ಈ ವಾಕ್ಯ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಗೊತ್ತಿಲ್ಲದ ಪದದ ಜಾಗದಲ್ಲಿ ಗೆರೆ ಎಳೆಯಿರಿ. ಉಳಿದದ್ದನ್ನು ಕನ್ನಡದಲ್ಲಿ ಹೇಳಿಕೊಳ್ಳಿ. ‘ಓನರ್ ಅಡ್ವಾನ್ಸ್ ವಾಪಸ್ ಕೊಡೋಕೆ’ ಆದಮೇಲೆ ನಿಮ್ಮ ಬಾಯಿಗೆ ಏನು ಬರುತ್ತದೆ? ‘ಹಿಂದೆಮುಂದೆ ನೋಡಿದರು.’ ಇಲ್ಲವೇ ‘ಹಿಂದೇಟು ಹಾಕಿದರು.’ ನೋಡಿ, ನಿಘಂಟು ಮುಟ್ಟದೆ ಮುಕ್ಕಾಲು ಅರ್ಥ ಸಿಕ್ಕಿತು.

ಊಹೆ ತಪ್ಪಾದರೂ ಪರವಾಗಿಲ್ಲ. ‘ನಿರಾಕರಿಸಿದರು’ ಅಂತ ಬರೆದಿರಬಹುದು. ಅದನ್ನು ಅಳಿಸಬೇಡಿ. ಆಮೇಲೆ ನಿಘಂಟಿನಲ್ಲಿ ನೋಡಿದಾಗ ಎಲ್ಲಿ ತಪ್ಪಿತು ಅಂತ ಕಾಣುತ್ತದೆ. ಹಾಗೆ ಕಂಡ ತಪ್ಪು ಬೇಗ ಮರೆಯುವುದಿಲ್ಲ.

ಬಾಯಲ್ಲಿ ಕೂರಿಸಿ

ಇದಕ್ಕೆ ಐದು ನಿಮಿಷ ಸಾಕು. ಆದರೆ ಬಿಡಬೇಡಿ. ಹೇಳೋಕೆ ಧೈರ್ಯ ಇಲ್ಲದ ಪದವನ್ನು ಯಾರೂ ಬಳಸುವುದಿಲ್ಲ.

ಕನ್ನಡದಲ್ಲಿ ನಾವು ಎಲ್ಲ ಅಕ್ಷರಕ್ಕೂ ಹೆಚ್ಚುಕಮ್ಮಿ ಒಂದೇ ತೂಕ ಕೊಡುತ್ತೇವೆ. ಇಂಗ್ಲಿಷ್ ಹಾಗಲ್ಲ. ಒಂದು ಕಡೆ ಒತ್ತಿ, ಉಳಿದ ಕಡೆ ಹಗುರವಾಗಿ ಹೋಗುತ್ತದೆ. ಈ ಪದದಲ್ಲಿ ಒತ್ತು ನಡುವಿನ ‘ಲಕ್’ ಮೇಲೆ. ಅದೃಷ್ಟಕ್ಕೆ ‘ಲಕ್’ ಅನ್ನುತ್ತೇವಲ್ಲ, ಅದೇ ಸದ್ದು. ಅರ್ಥದಲ್ಲಿ ಎರಡಕ್ಕೂ ನಂಟಿಲ್ಲ. ಕೊನೆಯದನ್ನು ನಾವು ‘ಟೆಂಟ್’ ಅಂತ ಬರೆದರೂ ಹೇಳುವಾಗ ಅದು ಸವೆದು ‘ಟಂಟ್’ ಆಗುತ್ತದೆ. ರಿ-ಲಕ್-ಟಂಟ್. ಯು ಅಕ್ಷರ ನೋಡಿ ‘ರೆಲುಕ್ಟೆಂಟ್’ ಅನ್ನುವುದು ನಮ್ಮಲ್ಲಿ ಆಗುವ ತಪ್ಪು. ಆನ್‌ಲೈನ್ ನಿಘಂಟಿನಲ್ಲಿ ಸ್ಪೀಕರ್ ಗುರುತು ಇರುತ್ತದೆ. ಒತ್ತಿ, ಕೇಳಿ, ಐದು ಸಲ ಜೋರಾಗಿ ಹೇಳಿ. ಮನಸ್ಸಿನಲ್ಲಿ ಹೇಳಿಕೊಂಡರೆ ಆಗುವುದಿಲ್ಲ. ನಾಲಿಗೆ ತಿರುಗಬೇಕು.

ಎರಡು ನಿಘಂಟು, ಈ ಕ್ರಮದಲ್ಲೇ

ಮೊದಲು ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟು. ಆಮೇಲೆ ಇಂಗ್ಲಿಷ್-ಕನ್ನಡ ನಿಘಂಟು. ನಾವು ಸಾಮಾನ್ಯವಾಗಿ ಉಲ್ಟಾ ಮಾಡುತ್ತೇವೆ. ಕನ್ನಡದ ಒಂದು ಪದ ಸಿಕ್ಕ ಕೂಡಲೇ ಪುಸ್ತಕ ಮುಚ್ಚುತ್ತೇವೆ. ನನ್ನ ಪಿಯುಸಿ ಪಟ್ಟಿಯ ‘ಇಷ್ಟವಿಲ್ಲದ’ ಬಂದದ್ದು ಹಾಗೆಯೇ.

ಕಲಿಯುವವರ ನಿಘಂಟು ಅಂದರೆ ಏನು ವಿಶೇಷ? ಎ.ಎಸ್. ಹಾರ್ನ್‌ಬಿ ಎಂಬ ಮೇಷ್ಟ್ರು ಜಪಾನಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದರು. ಪರದೇಶದ ಮಕ್ಕಳಿಗೆ ಅರ್ಥ ಹೇಳಿದರೆ ಸಾಲದು, ಪದವನ್ನು ವಾಕ್ಯದಲ್ಲಿ ಹೇಗೆ ಕೂರಿಸಬೇಕು ಅಂತಲೂ ತೋರಿಸಬೇಕು. ಜೊತೆಗಾರರೊಡನೆ ಅವರು ಮಾಡಿದ ನಿಘಂಟು 1942ರಲ್ಲಿ ಜಪಾನಿನಲ್ಲೇ ಅಚ್ಚಾಯಿತು. 1948ರಲ್ಲಿ ಅದನ್ನು ಆಕ್ಸ್‌ಫರ್ಡ್ ತಂದಿತು. ಇವತ್ತಿನ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ನಿಘಂಟು ಬೆಳೆದದ್ದು ಅದರಿಂದ. 1978ರಲ್ಲಿ ಬಂದ ಲಾಂಗ್‌ಮನ್ ನಿಘಂಟು ಅರ್ಥಗಳನ್ನೆಲ್ಲ ಸುಮಾರು 2000 ಸುಲಭ ಪದಗಳಲ್ಲೇ ಬರೆಯಿತು. 1987ರ ಕೋಬಿಲ್ಡ್ ಅರ್ಥವನ್ನು ಪೂರ್ತಿ ವಾಕ್ಯದಲ್ಲಿ ಹೇಳಿತು. ಮೂರೂ ಈಗ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಹಾಳೆ ತಿರುವಿ ನೋಡುವ ಆಸೆ ಇದ್ದರೆ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಹುಡುಕಿ. ಹಳೇ ಮುದ್ರಣವಾದರೂ ಸಾಕು. ಈ ಪದ ಅಷ್ಟರಲ್ಲಿ ಬದಲಾಗಿಲ್ಲ.

ನಿಘಂಟಿನಲ್ಲಿ ಮೂರು ಸಂಗತಿ ನೋಡಿ. ಅದು ಯಾವ ಜಾತಿಯ ಪದ? ರಿಲಕ್ಟೆಂಟ್ ಗುಣವಾಚಕ. ಅದರ ಪಕ್ಕ ಏನು ಬರುತ್ತದೆ? ‘ಟು’ ಮತ್ತು ಒಂದು ಕ್ರಿಯಾಪದ. ಉದಾಹರಣೆಗಳಲ್ಲಿ ಯಾರು ಯಾವುದಕ್ಕೆ ರಿಲಕ್ಟೆಂಟ್ ಆಗಿದ್ದಾರೆ? ಒಪ್ಪಿಕೊಳ್ಳೋಕೆ, ಮಾತಾಡೋಕೆ, ಬಿಟ್ಟುಕೊಡೋಕೆ, ಬದಲಾಗೋಕೆ. ಈ ಮೂರನೆಯದನ್ನು ಜಾಸ್ತಿ ಜನ ಓದುವುದೇ ಇಲ್ಲ. ನನ್ನ ಅನುಭವದಲ್ಲಿ ಪದ ಸಿಗುವುದು ಅಲ್ಲೇ.

ಇಂಗ್ಲಿಷ್-ಕನ್ನಡ ನಿಘಂಟಿಗೆ ಬಂದಾಗ ಅಲ್ಪವಿರಾಮ ಹಾಕಿ ಸಾಲಾಗಿ ಕೊಟ್ಟ ಪದಗಳಲ್ಲಿ ಮೊದಲನೆಯದನ್ನು ಎತ್ತಿಕೊಂಡು ಓಡಬೇಡಿ. ಎಲ್ಲವನ್ನೂ ನಿಮ್ಮ ವಾಕ್ಯದಲ್ಲಿಟ್ಟು ಓದಿ, ಯಾವುದು ಒಗ್ಗುತ್ತದೆ ನೋಡಿ. ಮೈಸೂರು ವಿಶ್ವವಿದ್ಯಾನಿಲಯದ ನಿಘಂಟು ಇದೆ. ನಮ್ಮ ಬೆಂಗಳೂರಿನಲ್ಲೇ ಇದ್ದ ಪ್ರೊ. ಜಿ. ವೆಂಕಟಸುಬ್ಬಯ್ಯ ಅವರದೂ ಇದೆ. 107 ವರ್ಷ ಬಾಳಿ 2021ರಲ್ಲಿ ತೀರಿಕೊಂಡರು. ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಕೇಳಿದ ಪದಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದರು. ಒಂದು ಪದದ ಮುಂದೆ ಅಷ್ಟು ಹೊತ್ತು ಕೂರಬಹುದು ಅಂತ ನಾನು ಕಲಿತದ್ದು ಅವರಿಂದ. ದೊಡ್ಡ ನಿಘಂಟು ಕೊಳ್ಳೋಕೆ ಆಗದಿದ್ದರೆ ಕಬ್ಬನ್ ಪಾರ್ಕಿನೊಳಗೆ ಕೆಂಪು ಕಟ್ಟಡದ ರಾಜ್ಯ ಕೇಂದ್ರ ಗ್ರಂಥಾಲಯ ಇದೆಯಲ್ಲ, ಒಂದು ಬೆಳಿಗ್ಗೆ ಅಲ್ಲಿ ಹೋಗಿ ಕೂತು ನೋಡಿ.

ಈ ಭಾವ ಕನ್ನಡದಲ್ಲಿ ಎಲ್ಲಿದೆ?

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ನಿಧಾನವಾಗಿ ಮಾಡಿ.

ರಿಲಕ್ಟೆಂಟ್ ಪದ ಲ್ಯಾಟಿನ್ನಿನಿಂದ ಬಂದದ್ದು. ಅದರ ಬೇರಿನಲ್ಲಿರುವ ‘ಲುಕ್ಟಾರಿ’ ಅಂದರೆ ಕುಸ್ತಿ ಆಡುವುದು, ಸೆಣಸುವುದು. ಮುಂದಿರುವ ‘ರೆ’ ಎದುರಾಗಿ ಅನ್ನುವುದನ್ನು ತೋರಿಸುತ್ತದೆ. ಹಳೇ ಪೇಟೆಯ ಗರಡಿ ಮನೆಯೊಂದನ್ನು ನೆನೆಸಿಕೊಳ್ಳಿ. ಇಬ್ಬರು ಪೈಲ್ವಾನರು ಹಿಡಿದುಕೊಂಡಿದ್ದಾರೆ. ಒಬ್ಬ ಎಳೆಯುತ್ತಿದ್ದಾನೆ, ಇನ್ನೊಬ್ಬ ಕಾಲು ಊರಿ ನಿಂತಿದ್ದಾನೆ. ಇನ್ನೂ ಯಾರೂ ಬಿದ್ದಿಲ್ಲ. ಆ ಕ್ಷಣವೇ ರಿಲಕ್ಟೆಂಟ್. ‘ಮಾಡು’ ಅಂತ ಒಂದು ಕಡೆ ಎಳೆತ, ‘ಬೇಡ’ ಅಂತ ಇನ್ನೊಂದು ಕಡೆ ಹಿಡಿತ. ವೈಟ್‌ಫೀಲ್ಡ್ ಮೇಲ್ ಓದಿದಾಗ ನನ್ನೊಳಗೆ ಆಗುತ್ತಿದ್ದದ್ದು ಇದೇ.

ಇದಕ್ಕೆ ಕನ್ನಡದಲ್ಲಿ ಎಷ್ಟು ಚೆಂದದ ಮಾತುಗಳಿವೆ! ಹಿಂದೇಟು ಹಾಕು. ಹಿಂಜರಿ. ಹಿಂದೆಮುಂದೆ ನೋಡು. ಒಲ್ಲದ ಮನಸ್ಸು. ಎಲ್ಲಕ್ಕಿಂತ ನನಗೆ ಹತ್ತಿರ ಅನ್ನಿಸುವುದು ‘ಮನಸ್ಸಿಲ್ಲದ ಮನಸ್ಸಿನಿಂದ’. ಮನಸ್ಸು ಇಲ್ಲ, ಆದರೂ ಮಾಡುತ್ತಿರುವುದು ಮನಸ್ಸೇ. ಮಗಳನ್ನು ಹಾಸ್ಟೆಲ್‌ಗೆ ಬಿಟ್ಟು ಬರುವ ಅಮ್ಮ ಗೇಟಿನ ಹತ್ತಿರ ನಿಂತು ಎರಡು ಸಲ ತಿರುಗಿ ನೋಡುತ್ತಾಳಲ್ಲ, ಅದು. ಇಂಗ್ಲಿಷಿನ ‘ರಿಲಕ್ಟೆಂಟ್ಲಿ’ಗೆ ಇದಕ್ಕಿಂತ ಒಳ್ಳೆಯ ಕನ್ನಡ ನನಗೆ ಸಿಕ್ಕಿಲ್ಲ.

ಹಾಗಾದರೆ ‘ಇಷ್ಟವಿಲ್ಲದ’ ಅಂತ ಬರೆದರೆ ಏನು ತಪ್ಪು? ಪೂರ್ತಿ ತಪ್ಪಲ್ಲ, ಸಾಲದು. ನನಗೆ ಹಾಗಲಕಾಯಿ ಇಷ್ಟವಿಲ್ಲ. ಅದು ರಿಲಕ್ಟೆಂಟ್ ಅಲ್ಲ. ಹಾಗಲಕಾಯಿ ಪಲ್ಯ ತಟ್ಟೆಗೆ ಬಂತು, ಅತ್ತೆ ಎದುರಿಗೆ ಕೂತಿದ್ದಾರೆ, ಕೈ ತುತ್ತಿನ ಹತ್ತಿರ ಹೋಗಿ ನಿಂತಿದೆ. ಈಗ ರಿಲಕ್ಟೆಂಟ್. ಇಷ್ಟವಿಲ್ಲ ಅನ್ನುವುದು ವಸ್ತುವಿನ ಬಗ್ಗೆ. ರಿಲಕ್ಟೆಂಟ್ ಅನ್ನುವುದು ಮಾಡಬೇಕಾದ ಒಂದು ಕೆಲಸದ ಬಗ್ಗೆ.

ಈಗ ಅಕ್ಕಪಕ್ಕದ ಮನೆಗಳನ್ನು ನೋಡಬೇಕು. ಪದಗಳು ಬೆರೆತುಹೋಗುವುದು ನೆರೆಯವರ ಜೊತೆಗೇ.

‘ನಾಟ್ ವಿಲ್ಲಿಂಗ್’, ‘ಅನ್‌ವಿಲ್ಲಿಂಗ್’: ಒಪ್ಪಲ್ಲ. ಬಾಗಿಲು ಹಾಕಿದೆ. ‘ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು’ ಅಂತ ಗಾದೆ ಇದೆಯಲ್ಲ, ಆ ಗಂಡ ಅನ್‌ವಿಲ್ಲಿಂಗ್. ಮೊಸರು ಎಷ್ಟು ಗಟ್ಟಿ ಇದ್ದರೂ ಅವನು ತಿನ್ನುವವನಲ್ಲ. ರಿಲಕ್ಟೆಂಟ್ ಆದವರು ಬಾಗಿಲು ಅರ್ಧ ತೆರೆದಿಟ್ಟಿರುತ್ತಾರೆ. ಕೊನೆಗೆ ಮಾಡಲೂಬಹುದು, ಮಾಡದೆ ಇರಲೂಬಹುದು.

‘ಹೆಸಿಟೆಂಟ್’: ಇದು ಬಹಳ ಹತ್ತಿರದ ನೆರೆ. ಎಷ್ಟೋ ಕಡೆ ಎರಡೂ ನಡೆಯುತ್ತವೆ. ಆದರೂ ಒಂದು ಗೆರೆ ಎಳೆಯಬಹುದು. ಹೆಸಿಟೆಂಟ್ ಆದವರಿಗೆ ಗೊತ್ತಾಗುತ್ತಿಲ್ಲ, ಸರಿಯೋ ತಪ್ಪೋ ಅಂತ ಅನುಮಾನ. ನಾವು ‘ಮೀನಮೇಷ ಎಣಿಸುವುದು’ ಅನ್ನುತ್ತೇವಲ್ಲ, ಅದು. ರಿಲಕ್ಟೆಂಟ್ ಆದವರಿಗೆ ಎಲ್ಲ ಗೊತ್ತಿದೆ, ಮನಸ್ಸು ಬರುತ್ತಿಲ್ಲ. ಸೈಟ್ ಪೇಪರ್ ಸರಿ ಇದೆಯೋ ಇಲ್ಲವೋ ಅಂತ ತಡೆದು ನಿಂತರೆ ಹೆಸಿಟೆಂಟ್. ಪೇಪರ್ ಎಲ್ಲ ಸರಿ ಇದೆ, ಆದರೆ ಅಪ್ಪ ಕಟ್ಟಿದ ಮನೆ ಮಾರೋಕೆ ಕೈ ಬರುತ್ತಿಲ್ಲ ಅಂದರೆ ರಿಲಕ್ಟೆಂಟ್.

‘ಶೈ’: ನಾಚಿಕೆ, ಸಂಕೋಚ. ಬೇರೆಯವರ ಮುಂದೆ ಬರುವಂಥದ್ದು. ಮನೆಗೆ ಬಂದ ನೆಂಟರ ಮುಂದೆ ಹಾಡೋಕೆ ಮಗು ನಾಚಿಕೊಂಡರೆ ಶೈ. ನೂರು ಸಲ ಹಾಡಿಸಿ ಬೇಜಾರಾಗಿ ‘ಮತ್ತೆ ಹಾಡಬೇಕಾ’ ಅಂತ ಮುಖ ಮಾಡಿದರೆ ರಿಲಕ್ಟೆಂಟ್.

‘ರೆಟಿಸೆಂಟ್’: ಕೇಳೋಕೆ ಒಂದೇ ಥರ ಇರುವುದರಿಂದ ಇಂಗ್ಲಿಷ್ ಮನೆಮಾತಾದವರೂ ಇದನ್ನು ರಿಲಕ್ಟೆಂಟ್ ಜಾಗದಲ್ಲಿ ಬಳಸುತ್ತಾರೆ. ಅದರ ಮೂಲ ಅರ್ಥ ಮಾತು ಬಿಚ್ಚದವರು, ಒಳಗಿನದನ್ನು ಹೇಳಿಕೊಳ್ಳದವರು. ನೀವು ಆ ಅರ್ಥಕ್ಕೆ ಮಾತ್ರ ಇಟ್ಟುಕೊಳ್ಳಿ.

ಎಂಜಿನಿಯರಿಂಗ್ ಓದಿದವರಿಗೆ ಒಂದು ಮಾತು. ಮ್ಯಾಗ್ನೆಟಿಕ್ ಸರ್ಕ್ಯೂಟ್ ಪಾಠದಲ್ಲಿ ‘ರಿಲಕ್ಟೆನ್ಸ್’ ಬರುತ್ತದಲ್ಲ, ಅದೂ ಇದೇ ಪದ. 1888ರಲ್ಲಿ ಆಲಿವರ್ ಹೆವಿಸೈಡ್ ಇಟ್ಟ ಹೆಸರು. ಕಾಂತದ ಫ್ಲಕ್ಸ್ ಹರಿಯುವುದಕ್ಕೆ ದಾರಿ ಎಷ್ಟು ಅಡ್ಡಿ ಮಾಡುತ್ತದೆ ಅನ್ನುವ ಅಳತೆ ಅದು. ಕಬ್ಬಿಣದಲ್ಲಿ ಕಡಿಮೆ, ಗಾಳಿಯ ಸಂದಿನಲ್ಲಿ ಜಾಸ್ತಿ. ಗಾಳಿಯ ಸಂದಿನಲ್ಲೂ ಫ್ಲಕ್ಸ್ ಹೋಗುತ್ತದೆ, ಒದ್ದಾಡಿಕೊಂಡು ಹೋಗುತ್ತದೆ. ಮನಸ್ಸಿನ ರಿಲಕ್ಟೆನ್ಸ್‌ನಲ್ಲೂ ಹಾಗೇ ಅಲ್ವಾ?

ವಾಕ್ಯದಲ್ಲಿ ಕೂರಿಸುವುದು

ಕನ್ನಡ ಬಲ್ಲವರಿಗೆ ಇಲ್ಲೊಂದು ಅನುಕೂಲ ಇದೆ. ‘ಹೋಗೋಕೆ ಹಿಂದೇಟು’, ‘ಕೊಡೋಕೆ ಹಿಂದೇಟು’, ‘ಹೇಳಲು ಹಿಂದೇಟು’ ಅನ್ನುತ್ತೇವೆ. ಕ್ರಿಯೆಗೆ ‘ಓಕೆ’ ಇಲ್ಲವೇ ‘ಅಲು’ ಸೇರುತ್ತದೆ. ಇಂಗ್ಲಿಷಿನ ‘ಟು’ ಮಾಡುವ ಕೆಲಸವೂ ಅದೇ. ರಿಲಕ್ಟೆಂಟ್ ಟು ಗೋ. ರಿಲಕ್ಟೆಂಟ್ ಟು ಗಿವ್. ರಿಲಕ್ಟೆಂಟ್ ಟು ಸೇ. ‘ರಿಲಕ್ಟೆಂಟ್ ಫಾರ್ ಗೋಯಿಂಗ್’ ತಪ್ಪು, ‘ರಿಲಕ್ಟೆಂಟ್ ಟು ಗೋಯಿಂಗ್’ ಕೂಡ ತಪ್ಪು. ‘ಟು’ ಆದಮೇಲೆ ಬರಿಯ ಕ್ರಿಯಾಪದ ಇಡಿ, ಸಾಕು.

ಕನ್ನಡವೇ ಕಾಲು ಎಳೆಯುವ ಜಾಗಗಳೂ ಎರಡಿವೆ. ನಾವು ‘ನನಗೆ ಮನಸ್ಸಿಲ್ಲ’, ‘ನನಗೆ ಹಿಂಜರಿಕೆ ಇದೆ’ ಅನ್ನುತ್ತೇವೆ. ‘ನನಗೆ’ ಮತ್ತು ‘ಇದೆ’. ಅದೇ ಜಾಡಿನಲ್ಲಿ ‘ಐ ಹ್ಯಾವ್ ರಿಲಕ್ಟೆಂಟ್’ ಅಂತ ಬಂದುಬಿಡುತ್ತದೆ. ಬೇಡ. ಇಂಗ್ಲಿಷಿನಲ್ಲಿ ನಾನೇ ಹಾಗೆ ಇರುವುದು: ‘ಐ ಆಮ್ ರಿಲಕ್ಟೆಂಟ್.’ ‘ಹ್ಯಾವ್’ ಹಾಕಲೇಬೇಕು ಅಂದರೆ ನಾಮಪದ ತನ್ನಿ: ‘ಐ ಹ್ಯಾವ್ ಸಮ್ ರಿಲಕ್ಟೆನ್ಸ್.’ ಇನ್ನೊಂದು, ಕನ್ನಡದಲ್ಲಿ ‘ಹಿಂಜರಿದ’ ಅಂತ ಕ್ರಿಯಾಪದ ಇದೆ. ಅದನ್ನು ನೆನೆದು ‘ಹಿ ರಿಲಕ್ಟೆಡ್’ ಅಂದುಬಿಡುತ್ತೇವೆ. ಇವತ್ತಿನ ಇಂಗ್ಲಿಷಿನಲ್ಲಿ ಅದು ನಡೆಯುವುದಿಲ್ಲ. ‘ಹಿ ವಾಸ್ ರಿಲಕ್ಟೆಂಟ್’ ಅನ್ನಿ.

ನಾಮಪದಕ್ಕಿಂತ ಮುಂಚೆಯೂ ಇದು ಬರುತ್ತದೆ. ‘ಎ ರಿಲಕ್ಟೆಂಟ್ ವಿಟ್ನೆಸ್’ ಅಂದರೆ ಕೋರ್ಟಿಗೆ ಬಂದಿದ್ದಾರೆ, ಆದರೆ ಬಾಯಿ ಬಿಡೋಕೆ ಮನಸ್ಸಿಲ್ಲದ ಸಾಕ್ಷಿ. ‘ಎ ರಿಲಕ್ಟೆಂಟ್ ಯೆಸ್’ ಅಂದರೆ ಎಳೆದೆಳೆದು ಬಂದ ಹೂಂ. ‘ರಿಲಕ್ಟೆಂಟ್ಲಿ’ ಹಾಕಿದರೆ ಕೆಲಸ ಆಗಿಯೇ ಹೋಗಿದೆ ಅಂತ ಅರ್ಥ: ‘ಶಿ ರಿಲಕ್ಟೆಂಟ್ಲಿ ಅಗ್ರೀಡ್’, ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದಳು. ಈ ವ್ಯತ್ಯಾಸ ಗಮನಿಸಿ. ‘ವಾಸ್ ರಿಲಕ್ಟೆಂಟ್ ಟು ಅಗ್ರೀ’ ಅಂದಾಗ ಒಪ್ಪಿದಳೋ ಇಲ್ಲವೋ ಇನ್ನೂ ಗೊತ್ತಿಲ್ಲ.

ಬಾಯಿಮಾತಿನಲ್ಲಿ ಸ್ನೇಹಿತರ ಜೊತೆ ಇದು ಸ್ವಲ್ಪ ಬಿಗಿಯಾಗಿ ಕೇಳಬಹುದು. ‘ಸಿನಿಮಾಗೆ ಬರ್ತೀಯಾ’ ಅಂದಾಗ ‘ಐ ಡೋಂಟ್ ರಿಯಲಿ ಫೀಲ್ ಲೈಕ್ ಇಟ್’ ಅನ್ನುವುದು ಸಹಜ. ಮೇಲ್, ಮೀಟಿಂಗು, ಪೇಪರ್ ಸುದ್ದಿ, ಇಂಟರ್‌ವ್ಯೂ ಇವು ರಿಲಕ್ಟೆಂಟ್‌ನ ಜಾಗ.

ನಿಮ್ಮ ಬದುಕಿನ ನಾಲ್ಕು ವಾಕ್ಯ

ನಿಘಂಟಿನ ಉದಾಹರಣೆ ನಿಮ್ಮದಲ್ಲ. ನಿಮ್ಮ ಜೀವನದಲ್ಲಿ ನಿಜವಾಗಿ ಆದದ್ದನ್ನು ಬರೆಯಿರಿ. ಕಟ್ಟುಕತೆ ಬೇಡ. ಮೊದಲು ಕನ್ನಡದಲ್ಲಿ ಒಂದು ಸಾಲು, ಅದರ ಕೆಳಗೆ ಇಂಗ್ಲಿಷ್. ನಾಲ್ಕರಲ್ಲಿ ಒಂದು ನಿಮ್ಮ ಬಗ್ಗೆ ಇರಲಿ, ಒಂದು ಮನೆಯವರ ಬಗ್ಗೆ, ಒಂದು ಕೆಲಸದ್ದು, ಒಂದರಲ್ಲಿ ‘ರಿಲಕ್ಟೆಂಟ್ಲಿ’ ಇರಲಿ.

ನಾನು ಮೊದಲು ಬರೆದದ್ದು ಆ ಹಳೇ ಮೇಲ್ ಅನ್ನೇ. ಕಳಿಸೋಕೆ ಯಾರೂ ಇರಲಿಲ್ಲ. ಆದರೂ ಹೊಸದಾಗಿ ಬರೆದೆ: ‘ಐ ಆಮ್ ಎ ಬಿಟ್ ರಿಲಕ್ಟೆಂಟ್ ಟು ಮೂವ್ ಟು ವೈಟ್‌ಫೀಲ್ಡ್ ಬಿಕಾಸ್ ಆಫ್ ದಿ ಟ್ರಾವೆಲ್, ಬಟ್ ಐ ವುಡ್ ಲೈಕ್ ಟು ಟೇಕ್ ದಿಸ್ ಪ್ರಾಜೆಕ್ಟ್. ಕುಡ್ ಐ ವರ್ಕ್ ಫ್ರಂ ಹೋಮ್ ಟೂ ಡೇಸ್ ಎ ವೀಕ್?’

ಇದರಲ್ಲಿ ಪದ ಹೇಗೆ ಕೂತಿದೆ ನೋಡಿ. ‘ಎ ಬಿಟ್’ ಹಾಕಿದ್ದರಿಂದ ಗಡಸು ಕಡಿಮೆಯಾಯಿತು. ‘ಬಿಕಾಸ್’ ಹಾಕಿದ್ದರಿಂದ ಕಾರಣ ಬಂತು. ‘ಬಟ್’ ಬಾಗಿಲು ತೆರೆಯಿತು. ಕೊನೆಯ ಪ್ರಶ್ನೆ ಒಳಗೆ ಬರುವ ದಾರಿ ತೋರಿಸಿತು. ಮೇಲ್‌ನಲ್ಲಿ ರಿಲಕ್ಟೆಂಟ್ ಅನ್ನು ಒಂಟಿಯಾಗಿ ಬಿಡಬೇಡಿ. ‘ಐ ಆಮ್ ರಿಲಕ್ಟೆಂಟ್’ ಅಂತ ಅಲ್ಲಿಗೇ ನಿಲ್ಲಿಸಿದರೆ ಓದುವವರು ಅದನ್ನು ಮೆತ್ತಗೆ ಹೇಳಿದ ‘ಇಲ್ಲ’ ಅಂತಲೇ ತಿಳಿದುಕೊಳ್ಳುತ್ತಾರೆ. ನಿಮ್ಮ ಮನಸ್ಸಿನಲ್ಲಿ ‘ಆದರೆ’ ಇದ್ದರೆ ಅದನ್ನು ಬರೆದೇ ತೋರಿಸಬೇಕು. ನಿಜವಾಗಿ ಆಗದೇ ಇರುವ ಕೆಲಸಕ್ಕೆ ರಿಲಕ್ಟೆಂಟ್ ಅಂತ ಬರೆದು ಎದುರಿನವರನ್ನು ಕಾಯಿಸಬೇಡಿ. ಅಲ್ಲಿ ‘ನಾಟ್ ವಿಲ್ಲಿಂಗ್’ ಇಲ್ಲವೇ ‘ಅನೇಬಲ್’ ಅನ್ನುವುದೇ ನ್ಯಾಯ.

ಮತ್ತೆ ಮತ್ತೆ ಭೇಟಿ

ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿ ಅರ್ಥವಿಲ್ಲದ ಅಕ್ಷರಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತದೆ ಅಂತ ಅಳೆದರು. 1885ರಲ್ಲಿ ಅದನ್ನು ಪ್ರಕಟಿಸಿದರು. ಕಲಿತ ಮೊದಲ ಗಂಟೆಗಳಲ್ಲೇ ಮರೆವು ಜೋರಾಗಿ ನಡೆಯುತ್ತದೆ, ಆಮೇಲೆ ನಿಧಾನವಾಗುತ್ತದೆ. ಅದಕ್ಕೇ ಮೊದಲ ಭೇಟಿಯನ್ನು ಮುಂದೆ ಹಾಕಬೇಡಿ. ಅವತ್ತು ರಾತ್ರಿಯೇ ನೋಟ್‌ಬುಕ್ ತೆರೆಯಿರಿ. ಆಮೇಲೆ ಮೂರನೇ ದಿನ, ಒಂದು ವಾರಕ್ಕೆ, ಒಂದು ತಿಂಗಳಿಗೆ. ಇಂಗ್ಲಿಷ್ ಸಾಲನ್ನು ಕೈಯಿಂದ ಮುಚ್ಚಿ, ಕನ್ನಡ ಸಾಲು ಓದಿ, ಬಾಯಲ್ಲಿ ಹೇಳಿ, ಕೈ ತೆಗೆದು ನೋಡಿ. ಎರಡು ನಿಮಿಷದ ಕೆಲಸ. 2023ರ ಅಕ್ಟೋಬರ್‌ನಿಂದ ವಿಜಯನಗರದಿಂದ ವೈಟ್‌ಫೀಲ್ಡ್‌ವರೆಗೆ ನೇರಳೆ ಮಾರ್ಗದ ಒಂದೇ ರೈಲು ಹೋಗುತ್ತದೆ. ನಾನು ಇದನ್ನು ಮಾಡುವುದು ಆ ರೈಲಿನಲ್ಲಿ, ನಿಂತುಕೊಂಡೇ.

ಈ ನಡುವೆ ಒಂದು ಸಲವಾದರೂ ನಿಜವಾದ ಮನುಷ್ಯರ ಹತ್ತಿರ ಬಳಸಿ. ಮೀಟಿಂಗ್‌ನಲ್ಲಿ, ಮೇಲ್‌ನಲ್ಲಿ, ಮಗಳ ಟೀಚರ್ ಹತ್ತಿರ: ‘ಶಿ ಈಸ್ ರಿಲಕ್ಟೆಂಟ್ ಟು ಆಸ್ಕ್ ಡೌಟ್ಸ್ ಇನ್ ಕ್ಲಾಸ್.’ ಮೊದಲ ಸಲ ಎದೆ ಸ್ವಲ್ಪ ಹೊಡೆದುಕೊಳ್ಳುತ್ತದೆ. ಎರಡನೇ ಸಲ ಅಷ್ಟಿರುವುದಿಲ್ಲ.

ಕೈಯಾರೆ ಮಾಡಿ ನೋಡಿ

ಕೆಳಗಿನ ಸಾಲುಗಳನ್ನು ಇಂಗ್ಲಿಷಿಗೆ ತನ್ನಿ. ಉತ್ತರ ಓದುವ ಮುಂಚೆ ಬರೆದುಬಿಡಿ.

ಮಳೆ ಬರ್ತಿತ್ತು, ಆಟೊದವರು ಜಯನಗರಕ್ಕೆ ಬರೋಕೆ ಹಿಂದೆಮುಂದೆ ನೋಡಿದರು. ಅಪ್ಪ ಮನಸ್ಸಿಲ್ಲದ ಮನಸ್ಸಿನಿಂದ ಹಳೇ ಸ್ಕೂಟರ್ ಮಾರಿದರು. ಹೊಸದಾಗಿ ಕನ್ನಡ ಕಲಿತವರಿಗೆ ಅಂಗಡಿಯಲ್ಲಿ ಮಾತಾಡೋಕೆ ಸಂಕೋಚ. ಅಜ್ಜಿಗೆ ಬಸವನಗುಡಿಯ ಮನೆ ಬಿಡೋಕೆ ಆಗ್ತಿಲ್ಲ.

ಮೊದಲನೆಯದು ಸುಲಭ: ‘ಇಟ್ ವಾಸ್ ರೇನಿಂಗ್, ಅಂಡ್ ದಿ ಆಟೊ ಡ್ರೈವರ್ಸ್ ವರ್ ರಿಲಕ್ಟೆಂಟ್ ಟು ಕಮ್ ಟು ಜಯನಗರ.’ ಎರಡನೆಯದಕ್ಕೆ ‘ರಿಲಕ್ಟೆಂಟ್ಲಿ’ ಬೇಕು, ಸ್ಕೂಟರ್ ಮಾರಿ ಆಗಿದೆಯಲ್ಲ: ‘ಮೈ ಫಾದರ್ ರಿಲಕ್ಟೆಂಟ್ಲಿ ಸೋಲ್ಡ್ ಹಿಸ್ ಓಲ್ಡ್ ಸ್ಕೂಟರ್.’ ಮೂರನೆಯದರಲ್ಲಿ ರಿಲಕ್ಟೆಂಟ್ ಬರೆದಿದ್ದರೆ ಹೊಡೆದು ಹಾಕಿ. ಅವರಿಗೆ ಮಾತಾಡುವ ಆಸೆ ಇದೆ, ತಪ್ಪಾದೀತು ಅಂತ ಅಳುಕು. ಅಲ್ಲಿ ‘ಶೈ’ ಅಥವಾ ‘ಹೆಸಿಟೆಂಟ್’ ಸರಿ.

ನಾಲ್ಕನೆಯದಕ್ಕೆ ಒಂದೇ ಉತ್ತರ ಇಲ್ಲ. ಆರೋಗ್ಯ ಸರಿಯಿಲ್ಲದೆ ಹೊರಡೋಕೆ ಆಗ್ತಿಲ್ಲವಾದರೆ ‘ಅನೇಬಲ್’. ಸತ್ತರೂ ಇಲ್ಲೇ ಅಂತ ಪಟ್ಟು ಹಿಡಿದಿದ್ದರೆ ‘ಅನ್‌ವಿಲ್ಲಿಂಗ್’. ಪೆಟ್ಟಿಗೆ ಕಟ್ಟಿಟ್ಟು, ಹಿತ್ತಲಿನ ಸಂಪಿಗೆ ಮರದ ಹತ್ತಿರ ಹೋಗಿ ನಿಂತಿದ್ದರೆ ‘ರಿಲಕ್ಟೆಂಟ್’. ಅಜ್ಜಿಯನ್ನು ಕೇಳಿಕೊಂಡು ಬಂದು ಬರೆಯಿರಿ.